ಕೆಳಗಿನ ಅಂಚು ಮೊದಲು

ಮತ ಎಣಿಸುವ ಕೋಣೆಯಲ್ಲಿ ಫ್ಯಾನ್ ಹಾಕುವುದಿಲ್ಲ. ಒಂದು ಕಾಗದ ಹಾರಿದರೂ ಉತ್ತರ ಹೇಳುವವರು ಯಾರು? ಕಿಟಕಿಗಳನ್ನೂ ಮುಚ್ಚಿದ್ದರು. ತಾಲ್ಲೂಕು ಕೇಂದ್ರದ ಕಾಲೇಜಿನ ಆ ಕೋಣೆಯಲ್ಲಿ ಬೆಳಗಿನಿಂದ ಕುಳಿತವರ ಬೆನ್ನೆಲ್ಲ ಒದ್ದೆಯಾಗಿತ್ತು. ಕರಿಹಲಗೆಯ ಮೇಲೆ ಹಿಂದಿನ ದಿನದ ಪಾಠದ ಸಮೀಕರಣವೊಂದು ಅರ್ಧ ಅಳಿಸಿದಂತೆಯೇ ಉಳಿದಿತ್ತು. ಅದರ ಕೆಳಗೆ ಗುಮಾಸ್ತರು ಮೂರು ಹೆಸರು, ಮೂರು ಸಂಖ್ಯೆ ಬರೆದಿದ್ದರು: ಕೀರ್ತನ ೨೧೧, ಮುತ್ತಮ್ಮ ೭, ಹಮೀದಾ ೨೦೫. ನಾಲ್ಕನೆಯ ಸಾಲಿನಲ್ಲಿ ‘ಅನುಮಾನ ೧೮’ ಎಂದು ಬರೆದು ಸುತ್ತ ಗೆರೆ ಎಳೆದಿದ್ದರು.

ಗ್ರಾಮ ಪಂಚಾಯಿತಿಯ ಒಂದೇ ಒಂದು ಸ್ಥಾನಕ್ಕೆ ನಡೆದ ಉಪಚುನಾವಣೆ ಅದು, ಮಹಿಳೆಗೆ ಮೀಸಲು. ಹೊರಗಿನವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಆ ಪಂಚಾಯಿತಿಯ ಉಳಿದ ಸದಸ್ಯರು ಸರಿಸಮವಾಗಿ ಎರಡು ಪಾಲಾಗಿದ್ದರು. ಕೆಳಗಿನ ಬೀದಿಯಲ್ಲಿ ಹೊಸದಾಗಿ ಕೊರೆದ ಕೊಳವೆಬಾವಿಯ ನೀರು ಅದೇ ಬೀದಿಯ ನಲ್ಲಿಗಳಿಗೆ ಬರಬೇಕೋ, ಬೂದಿಗೆರೆ ರಸ್ತೆಯ ಪಕ್ಕ ಎದ್ದಿರುವ ಬಡಾವಣೆಯ ಟ್ಯಾಂಕಿಗೆ ಏರಬೇಕೋ ಎಂಬುದನ್ನು ಈ ಸ್ಥಾನಕ್ಕೆ ಬರುವವರ ಕೈ ತೀರ್ಮಾನಿಸಲಿತ್ತು. ಬಡಾವಣೆ ಚಲಪತಿಯದು. ಕೀರ್ತನ ಚಲಪತಿಯ ಹೆಂಡತಿ. ಚುನಾವಣೆಗೆ ನಿಂತವಳು ಅವಳಾದರೂ, ಏಜೆಂಟನಾಗಿ ಪಕ್ಕದಲ್ಲಿ ಕುಳಿತ ಅವನೇ ಬೆಳಗಿನಿಂದ ಮಾತಾಡುತ್ತಿದ್ದ.

"ಅನುಮಾನ ಎಂಥದ್ದು ಸಾರ್? ಎರಡೆರಡು ಕಡೆ ಒತ್ತವ್ರೆ. ಕೆಟ್ಟ ಓಟು. ಪಕ್ಕಕ್ಕೆ ಹಾಕಿ, ಮುಗ್ಸಿ. ಊರಲ್ಲಿ ಪಟಾಕಿ ಇಟ್ಕೊಂಡು ಕಾಯ್ತಾವ್ರೆ ಹುಡುಗ್ರು."

ಚುನಾವಣಾಧಿಕಾರಿ ವೆಂಕಟರಮಣಪ್ಪ ತಲೆ ಎತ್ತಲಿಲ್ಲ. ನಿವೃತ್ತಿ ಹತ್ತಿರವಾಗಿದ್ದ, ಬೇರೆ ಇಲಾಖೆಯಿಂದ ಈ ಕೆಲಸಕ್ಕೆಂದು ನಿಯೋಜಿತರಾಗಿದ್ದ ಮನುಷ್ಯ. ಆ ಹದಿನೆಂಟು ಮತಪತ್ರಗಳನ್ನು ಅವರು ಇಸ್ಪೀಟೆಲೆಯಂತೆ ಒಂದರ ಮೇಲೊಂದು ಇಟ್ಟು, ಮತ್ತೆ ತೆಗೆದು ನೋಡುತ್ತಿದ್ದರು. ಪ್ರತಿಯೊಂದರಲ್ಲೂ ಮೊದಲ ಸಾಲಿನ ಆಟೋರಿಕ್ಷಾದ ಮೇಲೆ ಒಂದು ಮುದ್ರೆ, ಕೊನೆಯ ಸಾಲಿನ ಹೊಲಿಗೆ ಯಂತ್ರದ ಮೇಲೆ ಒಂದು ಮುದ್ರೆ. ಆಟೋರಿಕ್ಷಾ ಕೀರ್ತನಳದು, ಹೊಲಿಗೆ ಯಂತ್ರ ಹಮೀದಾಳದು. ನಡುವಿನ ಕೊಡೆ ಮುತ್ತಮ್ಮನದು. ಅದರ ಮೇಲೆ ಏನೂ ಇರಲಿಲ್ಲ.

"ಮಡಿಚುವಾಗ ಶಾಯಿ ಅಂಟಿರಬಹುದು," ಎಂದರು ವೆಂಕಟರಮಣಪ್ಪ. "ಹಂಗಿದ್ರೆ ತಿರಸ್ಕಾರ ಮಾಡೋ ಹಾಗಿಲ್ಲ ಅಂತ ಕೈಪಿಡೀಲಿ ಇದೆ. ಅಂಟಿದ್ದು ತೆಳ್ಳಗಿರುತ್ತೆ, ಒತ್ತಿದ್ದು ಗಾಢವಾಗಿರುತ್ತೆ. ಇಲ್ಲಿ ನೋಡಿದ್ರೆ ಎರಡೂ ಒಂದೇ ಥರ ಇದಾವಲ್ಲ."

"ಅದನ್ನೇ ನಾನೂ ಹೇಳ್ತಿರೋದು!"

ಮೇಜಿನ ಈಚೆ ಹಮೀದಾ ನಿಂತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ಊರಾಚೆಯ ಗುಲಾಬಿ ಪಾಲಿಹೌಸಿನಲ್ಲಿ ಹೂ ಕಟ್ಟುವ ಶೆಡ್ಡಿನ ಸೂಪರ್‌ವೈಸರ್. ಅವಳ ಪಕ್ಕದಲ್ಲಿ ಏಜೆಂಟಾಗಿ ಬಂದಿದ್ದ ಮಗಳು ಶಾಝಿಯಾ. ಬಿ.ಎಸ್‌ಸಿ. ಮಾಡಿ ಹತ್ತಿರದ ವಿಜಯಪುರದ ಖಾಸಗಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅವಳು ಅಂದು ರಜೆ ಹಾಕಿದ್ದಳು. ಶಾಝಿಯಾ ಮುಂದಕ್ಕೆ ಬಾಗಿ ಆ ಕಾಗದಗಳನ್ನು ನೋಡುತ್ತಿದ್ದರೆ, ಹಮೀದಾ ಮಾತ್ರ ಒಮ್ಮೆ ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಿದ್ದಳು.

ಅದಕ್ಕೆ ಕಾರಣವಿತ್ತು. ಆ ಮಡಿಕೆ ಅವಳಿಗೆ ಗೊತ್ತಿದ್ದ ಮಡಿಕೆ.

ಮತಪತ್ರವನ್ನು ಉದ್ದಕ್ಕೆ ಮಡಿಚಿ ಎಂದು ಮತಗಟ್ಟೆಯಲ್ಲಿ ಹೇಳುತ್ತಾರೆ. ಹಾಗೆ ಮಡಿಚಿದರೆ ಹಸಿ ಶಾಯಿ ಅದೇ ಸಾಲಿನ ಖಾಲಿ ಜಾಗಕ್ಕೆ ಅಂಟುತ್ತದೆ. ಇನ್ನೊಬ್ಬರ ಗುರುತನ್ನು ಮುಟ್ಟುವುದಿಲ್ಲ. ಆದರೆ ಹೂವಿನ ಶೆಡ್ಡಿನಲ್ಲಿ ದಿನವಿಡೀ ಗುಲಾಬಿ ಕಟ್ಟಿಗೆ ಕಾಗದ ಸುತ್ತುವವರು ಮೊದಲು ಕೆಳಗಿನ ಅಂಚನ್ನು ಮೇಲಕ್ಕೆ ಮಡಿಚುತ್ತಾರೆ. ಇಲ್ಲದಿದ್ದರೆ ಒದ್ದೆ ಕಾಂಡಗಳು ಕೆಳಗೆ ಜಾರುತ್ತವೆ. ಮಡಿಚಿದ ಮೇಲೆ ಎರಡು ಹೆಬ್ಬೆರಳಿನಿಂದ ಬಿಗಿಯಾಗಿ ಉಜ್ಜಬೇಕು. ಆಮೇಲೆ ಎಡ, ಆಮೇಲೆ ಬಲ. ಕಾಗದ ಕೈಗೆ ಬಂದರೆ ಬೆರಳು ತಾನಾಗಿ ಹಾಗೆ ಹೋಗುತ್ತದೆ. ಮುದ್ರೆ ಒತ್ತಿದ ಕ್ಷಣವೇ ಹಾಗೆ ಮಡಿಚಿ ಉಜ್ಜಿದ್ದರಿಂದ ಮೇಲಿನ ಸಾಲು ಕೆಳಗಿನ ಸಾಲಿಗೆ ಮುಖ ಕೊಟ್ಟು, ಹಸಿ ಶಾಯಿ ಅಷ್ಟೇ ಗಾಢವಾಗಿ ಅಂಟಿತ್ತು.

ಹಮೀದಾ ಹತ್ತು ವರ್ಷಗಳಿಂದ ಆ ಹೆಂಗಸರ ಕಟ್ಟುಗಳನ್ನು ಒಂದೊಂದಾಗಿ ತಪಾಸಣೆ ಮಾಡಿದವಳು. ಒಬ್ಬಳದು ಮೂಲೆಗೆ ಮೂಲೆ ಕೂಡಿದ ಮಡಿಕೆ, ಇನ್ನೊಬ್ಬಳದು ಬಲಕ್ಕೆ ಸ್ವಲ್ಪ ವಾರೆ, ಇನ್ನೊಬ್ಬಳು ಹೆಬ್ಬೆರಳಿನ ಉಗುರಿನಿಂದ ಗೀರು ಬೀಳುವಂತೆ ಉಜ್ಜುತ್ತಾಳೆ. ಹೆಸರಿಲ್ಲದ ಆ ಕಾಗದಗಳನ್ನು ನೋಡುತ್ತ ನಿಂತರೆ ಯಾರದು ಯಾವುದು ಎಂದು ಅವಳಿಗೆ ತಿಳಿದುಬಿಡುತ್ತಿತ್ತು.

"ಅಮ್ಮೀ, ಇಲ್ಲಿ ನೋಡು," ಎಂದಳು ಶಾಝಿಯಾ.

"ನೀನು ನೋಡು. ನಾನು ನೋಡಲ್ಲ."

ಮೂರನೆಯ ಅಭ್ಯರ್ಥಿ ಮುತ್ತಮ್ಮ ಬೆಂಚಿನ ತುದಿಯಲ್ಲಿ ಎಲೆಯಡಿಕೆ ಜಗಿಯುತ್ತ ಕುಳಿತಿದ್ದಳು. ಕೆಳಗಿನ ಬೀದಿಯ ಒಂದಷ್ಟು ಮತ ಒಡೆಯಲಿ ಎಂದು ಚಲಪತಿಯೇ ಅವಳನ್ನು ನಿಲ್ಲಿಸಿದ್ದ ಎಂಬುದು ಊರಿಗೆಲ್ಲ ಗೊತ್ತಿತ್ತು, ಅವಳೂ ಮುಚ್ಚಿಟ್ಟಿರಲಿಲ್ಲ. ಹಿಂದೆ ಅವಳೂ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ಈಗ ಎದ್ದು ಬಂದು ಮೇಜಿನ ಮೇಲೆ ಕಣ್ಣಾಡಿಸಿ, "ಅಯ್ಯೋ ಶಿವನೇ, ಇದು ನಮ್ ಶೆಡ್ ಮಡಿಕೆ ಅಲ್ವಾ!" ಎಂದುಬಿಟ್ಟಳು.

 ಹಮೀದಾ ಕಣ್ಣು ಮುಚ್ಚಿಕೊಂಡಳು. ಚಲಪತಿಯ ಮುಖ ಅರಳಿತು.

"ಹಂಗಾದ್ರೆ ಸುಲಭ ಆಯ್ತಲ್ಲ ಸಾರ್! ಶೆಡ್ಡಿನ ಹೆಂಗಸ್ರು ಬೆಳಗಿಂದ ಗೇಟತ್ರ ಮರದ ಕೆಳಗೆ ಕೂತವ್ರೆ. ಕರೆಸಿ ಒಬ್ಬೊಬ್ರುನ್ನೇ. ಯಾರಿಗೆ ಹಾಕ್ದೆ ಅಂತ ಕೇಳಿ. ನನ್ ಎದುರಿಗೇ ಹೇಳ್ಲಿ."

ಕೊನೆಯ ಮಾತನ್ನು ಅವನು ಸ್ವಲ್ಪ ಒತ್ತಿ ಹೇಳಿದ. ಅವನ ಬಡಾವಣೆಯ ಮನೆಗಳಲ್ಲಿ ಆ ಹೆಂಗಸರ ಅಕ್ಕತಂಗಿಯರು ಪಾತ್ರೆ ತೊಳೆಯುತ್ತಿದ್ದರು, ಗಂಡಂದಿರು ಗಾರೆ ಕೆಲಸ ಮಾಡುತ್ತಿದ್ದರು. ಮತದಾನಕ್ಕೆ ಮೊದಲು ಬಡಾವಣೆಯ ಹೊಸ ಗಣೇಶನ ಗುಡಿಯಲ್ಲಿ ಅವನು ಬಹಳ ಮಂದಿಯ ಕೈಯಲ್ಲಿ ಹೂ ಹಿಡಿಸಿ ಆಣೆ ಹಾಕಿಸಿದ್ದ.

ವೆಂಕಟರಮಣಪ್ಪ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಕೇಳುವಂತಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೇಳಿದರೆ ಬೇಗ ಮುಗಿಯುತ್ತದೆ ಎಂಬುದೂ ಗೊತ್ತಿತ್ತು. "ಏನಮ್ಮಾ, ನೀವೇನಂತೀರಿ?" ಎಂದು ಹಮೀದಾಳನ್ನು ಕೇಳಿದರು. "ಅವ್ರಾಗೇ ಒಪ್ಪಿ ಬಂದು ಹೇಳೋದಾದ್ರೆ..."

ಶಾಝಿಯಾಳ ಮನಸ್ಸಿನಲ್ಲಿ ಲೆಕ್ಕ ಓಡಿತು. ಅಂತರ ಆರು. ಗೇಟಿನ ಹತ್ತಿರ ಕುಳಿತವರು ಎಲ್ಲರೂ ಅಮ್ಮನ ಶೆಡ್ಡಿನವರು, ಅಮ್ಮನಿಗೆ ನಿಲ್ಲಲು ಹೇಳಿದವರೇ ಅವರು. ಹದಿನೆಂಟೂ ಅಮ್ಮನದೇ. ಕರೆಸಿದರೆ ಧೈರ್ಯವಾಗಿ ಹೇಳುತ್ತಾರೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಹಮೀದಾ ಮಾತಾಡಿದಳು.

"ಕರೆಸಬೇಡಿ ಸಾರ್."

"ಯಾಕೆ? ಹೆದ್ರಿಕೇನಾ ಹಮೀದಮ್ಮ?" ಎಂದ ಚಲಪತಿ.

"ಹೂಂ. ನನಗಲ್ಲ, ಅವರಿಗೆ. ಅವರು ಒತ್ತಿ, ಮಡಿಚಿ, ಡಬ್ಬಿಗೆ ಹಾಕಿ ಆಯ್ತು. ಅವರ ಕೆಲಸ ಮುಗೀತು. ಇನ್ನು ಇವರ ಕೆಲಸ." ಅವಳು ವೆಂಕಟರಮಣಪ್ಪನವರ ಕಡೆ ತಿರುಗಿದಳು. "ಕಾಗದ ನೋಡಿ ಹೇಳಿ ಸಾರ್. ಮುಖ ನೋಡಿ ಹೇಳೋದಾಗಿದ್ರೆ ಡಬ್ಬಿ ಯಾಕೆ ಇಡಬೇಕಿತ್ತು?"

"ಕಾಗದ ಏನೂ ಹೇಳ್ತಿಲ್ಲವಲ್ಲಮ್ಮ."

"ಹೇಳ್ತಿದೆ ಸಾರ್," ಎಂದಳು ಶಾಝಿಯಾ.

ತನ್ನ ದನಿ ಇಷ್ಟು ದೊಡ್ಡದಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಅಮ್ಮ ಬೇಡ ಎಂದ ಮೇಲೆ ಬೇರೆ ದಾರಿ ಹುಡುಕಲೇಬೇಕಿತ್ತು. ಅವಳು ಮತ್ತೆ ಆ ಕಾಗದಗಳನ್ನೇ ದಿಟ್ಟಿಸಿದಾಗ, ಗಾಢವೋ ತೆಳುವೋ ಎಂದು ನೋಡುವುದನ್ನು ಬಿಟ್ಟು ಆಕಾರವನ್ನು ನೋಡತೊಡಗಿದ್ದಳು.

"ಸಾರ್, ಆ ಮಾದರಿ ಮುದ್ರೆ ಇದೆಯಲ್ಲ, ಅದನ್ನ ಒಂದು ಬಿಳಿ ಹಾಳೆ ಮೇಲೆ ನೀವೇ ಒತ್ತಿ."

ತರಬೇತಿಗೆಂದು ಕೊಟ್ಟಿದ್ದ ರಬ್ಬರ್ ಮುದ್ರೆಯೊಂದು ಮೇಜಿನ ಮೇಲಿತ್ತು. ವೆಂಕಟರಮಣಪ್ಪ ಶಾಯಿಗೆ ಅದ್ದಿ ಒತ್ತಿದರು. ನಡುವಿನಿಂದ ನಾಲ್ಕು ಕಡೆಗೆ ಹೊರಟ ನಾಲ್ಕು ಗೆರೆ, ಒಂದೊಂದರ ತುದಿಯೂ ಒಂದೇ ಕಡೆಗೆ ತಿರುಗಿತ್ತು. ಗಾಳಿಗೆ ಸುತ್ತುವ ಓಲೆಗರಿಯ ಗಿರಗಟ್ಟಲೆಯಂತೆ.

"ಈಗ ಕೆಳಗಿನ ಅಂಚು ಮೇಲಕ್ಕೆ ತಂದು ಮಡಿಚಿ. ಗಟ್ಟಿಯಾಗಿ ಉಜ್ಜಿ. ಬಿಚ್ಚಿ."

ಅವರು ಬಿಚ್ಚಿದರು. ಹಾಳೆಯ ಮೇಲೆ ಈಗ ಎರಡು ಮುದ್ರೆ, ಎರಡೂ ಕಪ್ಪು.

"ಒತ್ತಿದ್ದು ಯಾವ ದಿಕ್ಕಿಗೆ ಸುತ್ತುತ್ತೆ, ಅಂಟಿದ್ದು ಯಾವ ದಿಕ್ಕಿಗೆ ಸುತ್ತುತ್ತೆ, ಬೆರಳಿಟ್ಟು ನೋಡಿ ಸಾರ್."

ವೆಂಕಟರಮಣಪ್ಪ ಕನ್ನಡಕವನ್ನು ಹಣೆಗೆ ಏರಿಸಿ, ತೋರುಬೆರಳನ್ನು ಮೊದಲ ಮುದ್ರೆಯ ಮೇಲೆ ಸುತ್ತಿಸಿದರು. ಆಮೇಲೆ ಎರಡನೆಯದರ ಮೇಲೆ. ಬೆರಳು ಉಲ್ಟಾ ತಿರುಗಿತು. ಅವರು ಮತ್ತೊಮ್ಮೆ ಮಾಡಿ ನೋಡಿದರು.

"ಕನ್ನಡೀಲಿ ನೋಡಿದ ಹಾಗೆ ಸಾರ್. ಹಾಳೇನ ಹೇಗೆ ತಿರುಗಿಸಿದರೂ ಅಂಟಿದ್ದು ಒತ್ತಿದ್ದರ ಥರ ಆಗಲ್ಲ. ಶಾಯಿ ಎಷ್ಟೇ ದಪ್ಪ ಇರಲಿ."

"ಎಡಗಾಲಿನ ಚಪ್ಲಿ ಬಲಗಾಲಿಗೆ ಬರಾಕಿಲ್ಲ ಅನ್ನು," ಎಂದಳು ಮುತ್ತಮ್ಮ.

"ಅದೇ ಮುತ್ತಮ್ಮಜ್ಜಿ."

"ಮೇಷ್ಟ್ರುಗಳ ಆಟ ಎಲ್ಲ ಇಲ್ಲಿ ಬೇಡಮ್ಮ," ಎಂದ ಚಲಪತಿ. "ಇದೇನು ನಿನ್ನ ಸ್ಕೂಲಾ? ಸಾರ್, ನಂದು ಆಕ್ಷೇಪಣೆ ಐತೆ. ಎರಡು ಕಡೆ ಮುದ್ರೆ ಕಂಡ್ರೆ ಕೆಟ್ಟ ಓಟು. ಅಷ್ಟೇ."

 ವೆಂಕಟರಮಣಪ್ಪ ಮೊದಲನೆಯ ಮತಪತ್ರವನ್ನು ಹಾಳೆಯ ಪಕ್ಕ ಇಟ್ಟರು. "ಇಷ್ಟು ಚುನಾವಣೆ ಮಾಡಿದ್ದೀನಿ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬೆರಳು ಆಟೋರಿಕ್ಷಾದ ಮೇಲೆ ಸುತ್ತಿತು, ಹೊಲಿಗೆ ಯಂತ್ರದ ಮೇಲೆ ಸುತ್ತಿತು. "ಹಮೀದಾ," ಎಂದರು.

ಎರಡನೆಯದು ಹಮೀದಾ. ಮೂರನೆಯದೂ ಹಮೀದಾ. ಗುಮಾಸ್ತರು ಕರಿಹಲಗೆಯ ಮೇಲೆ ಗೀಟು ಹಾಕುತ್ತ ಹೋದರು. ಚಲಪತಿ ಪ್ರತಿಯೊಂದಕ್ಕೂ "ಆಕ್ಷೇಪಣೆ" ಎನ್ನುತ್ತಿದ್ದ. ಹೊರಗೆ ವಿಮಾನವೊಂದು ತಗ್ಗಿನಲ್ಲಿ ಹಾದುಹೋದಾಗ ಎಲ್ಲರೂ ಅಭ್ಯಾಸದಂತೆ ಮಾತು ನಿಲ್ಲಿಸಿ, ಸದ್ದು ಕಳೆದ ಮೇಲೆ ಮುಂದುವರಿಸಿದರು.

ನಾಲ್ಕನೆಯ ಕಾಗದದ ಮೇಲೆ ವೆಂಕಟರಮಣಪ್ಪನವರ ಬೆರಳು ಎರಡು ಸಲ ಸುತ್ತಿತು.

"ಇದು ಕೀರ್ತನ."

ಶಾಝಿಯಾ ಬಾಗಿ ನೋಡಿದಳು. ಸರಿಯಾಗಿಯೇ ಇತ್ತು. ಆಟೋದ ಮೇಲಿನದು ಒತ್ತಿದ್ದು. ಹೊಲಿಗೆ ಯಂತ್ರದ ಮೇಲಿನದು ಅದರ ಕನ್ನಡಿ. ಮಡಿಕೆ ಮಾತ್ರ ಶೆಡ್ಡಿನದೇ. ಅಂದರೆ ಇದನ್ನು ಒತ್ತಿದ್ದು ಹೊರಗಿನವರಲ್ಲ. ಗೇಟಿನ ಹತ್ತಿರ ಮರದ ಕೆಳಗೆ, ಬೆಳಗಿನಿಂದ ಅಮ್ಮನಿಗಾಗಿ ಕಾಯುತ್ತಿರುವವರಲ್ಲೇ ಒಬ್ಬರು.

 ‘ಆಕ್ಷೇಪಣೆ’ ಎಂಬುದು ಚಲಪತಿಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡು, "ಇದು ಸರಿಯಾಗೈತೆ ಸಾರ್," ಎಂದ.

"ಇದು ಸರಿ ಅಂದ್ರೆ ಇದಕ್ಕೆ ಮುಂಚಿನ ಮೂರೂ ಸರಿ," ಎಂದರು ವೆಂಕಟರಮಣಪ್ಪ. ಆ ದಿನ ಮೊದಲ ಬಾರಿಗೆ ಅವರ ದನಿಯಲ್ಲಿ ಸ್ವಲ್ಪ ನಗು ಇತ್ತು. "ಒಂದೇ ಕಣ್ಣಲ್ಲಿ ನೋಡ್ಬೇಕಲ್ಲಪ್ಪ?"

ಏಳನೆಯದು ಮತ್ತೆ ಕೀರ್ತನ. ಶಾಝಿಯಾ ತಾಯಿಯ ಕಡೆ ವಾಲಿ ಮನೆಮಾತಿನಲ್ಲಿ ಪಿಸುಗುಟ್ಟಿದಳು: "ಅಪ್ನೇಚ್ ಲೋಗಾಂ, ಅಮ್ಮೀ." ನಮ್ಮವರೇ.

"ಚುಪ್. ಗಿನ್," ಎಂದಳು ಹಮೀದಾ. ಸುಮ್ಮನಿರು, ಎಣಿಸು.

ಆದರೆ ಅವಳ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅವಳ ಕಣ್ಣು ಗೋಡೆಯನ್ನು ಬಿಟ್ಟು ಆ ಕೈಯ ಮೇಲೆ ನಿಂತಿತ್ತು. ಯಾರು ಎಂದು ತಿಳಿಯುವ ಆಸೆ ಅವಳನ್ನು ಕಾಗದಗಳ ಕಡೆಗೆ ಎಳೆಯುತ್ತಿತ್ತು. ಒಂದು ಸಲ ತಲೆ ತಿರುಗಿಸಿದರೆ ಸಾಕು. ನಾಳೆ ಬೆಳಗ್ಗೆ ಶೆಡ್ಡಿನಲ್ಲಿ, ಯಾವಳು ತನ್ನ ಕೈ ಮುಟ್ಟಿ ‘ನಿನಗೇ ಅಕ್ಕಾ’ ಎಂದು ಹೇಳಿ ಅತ್ತ ಒತ್ತಿದಳೋ ಅವಳ ಮುಖ ನೋಡುವಾಗ ತನಗೆ ಗೊತ್ತಿರುತ್ತದೆ. ಗೊತ್ತಾದ ಮೇಲೆ ತಾನು ಏನು ಮಾಡುತ್ತೇನೆ? ಏನೂ ಮಾಡುವುದಿಲ್ಲ ಎಂದು ಅವಳು ಆಣೆಯಿಟ್ಟು ಹೇಳಬಲ್ಲಳೇ? ಕಾಂಡ ಉದ್ದವಾಯಿತು, ಕಾಗದ ವಾರೆಯಾಯಿತು ಎಂದು ಆ ಹೆಂಗಸಿನ ಕಟ್ಟನ್ನೇ ದಿನಾ ಬಿಚ್ಚಿಸುವುದಿಲ್ಲವೇ? ಎದುರು ಕುಳಿತಿರುವ ಚಲಪತಿಗೆ ಬೇಕಾಗಿರುವುದೂ ಅದೇ ಅಲ್ಲವೇ?

"ಸಾರ್," ಎಂದಳು ಹಮೀದಾ. "ಒಂದು ಮಾತು. ನೋಡಿ ಆದದ್ದನ್ನ ಆ ಮಡಿಕೇಲೇ ಮತ್ತೆ ಮಡಿಚಿಡಬೇಡಿ. ಪೂರ್ತಿ ಬಿಡಿಸಿ, ಬೋರಲು ಹಾಕಿ, ಮೇಲೆ ಆ ದಪ್ಪ ಪುಸ್ತಕ ಹೇರಿ. ಮಡಿಕೆ ಸಾಯಲಿ."

ವೆಂಕಟರಮಣಪ್ಪ ಕಾಗದಗಳನ್ನು ಬಿಡಿಸಿ ಬೋರಲು ಹಾಕಿದರು. ಏನೂ ಕೇಳದೆ ಕೈಪಿಡಿಯನ್ನು ಎತ್ತಿ ನೋಡಿಯಾದ ಕಾಗದಗಳ ಮೇಲೆ ಇಟ್ಟರು.

ಅಷ್ಟರಲ್ಲಿ ಮುತ್ತಮ್ಮ ತನ್ನ ಅಂಕೆಯ ಕಡೆ ನೋಡಿ ನಿಟ್ಟುಸಿರಿಟ್ಟಳು. "ನಂಗೆ ಏಳೇ ಏಳು. ನಮ್ ಮನೇಲೇ ಒಂಬತ್ತು ಓಟವೆ. ಹೋಗಿ ಕೇಳ್ತೀನಿ ಇರು, ಆ ಇಬ್ರು ಯಾರು ಅಂತ."

"ಕೇಳಬೇಡ ಮುತ್ತಮ್ಮಕ್ಕ," ಎಂದಳು ಹಮೀದಾ.

"ಕೇಳಿದ್ರೆ ಅನ್ನ ಇಕ್ತಾರಾ? ತಮಾಷೆಗಂದೆ ಕಣವ್ವ."

ಹದಿನೇಳು ಕಾಗದ ಮುಗಿದಾಗ ಕರಿಹಲಗೆಯ ಮೇಲೆ ಹಮೀದಾಳಿಗೆ ಹನ್ನೆರಡು ಗೀಟು, ಕೀರ್ತನಳಿಗೆ ಐದು. ಯಾರೂ ಕೂಡಿಸಬೇಕಾಗಿರಲಿಲ್ಲ, ಎಲ್ಲರೂ ಮನಸ್ಸಿನಲ್ಲಿ ಕೂಡಿಸಿಕೊಂಡಿದ್ದರು. ಇನ್ನೂರ ಹದಿನೇಳು, ಇನ್ನೂರ ಹದಿನಾರು. ಹಮೀದಾ ಒಂದರಿಂದ ಮುಂದೆ.

ಉಳಿದದ್ದು ಒಂದೇ ಕಾಗದ. ವೆಂಕಟರಮಣಪ್ಪನವರ ಬೆರಳು ಮೇಲೆ ಸುತ್ತಿತು, ಕೆಳಗೆ ಸುತ್ತಿತು. ಎರಡು ಸಲವೂ ಬೆರಳು ಒಂದೇ ದಿಕ್ಕಿಗೆ ಹೋಯಿತು. ಅವರು ಶಾಝಿಯಾಳನ್ನು ಹತ್ತಿರ ಕರೆದರು. ಅವಳು ನೋಡಿ, ತಲೆ ಅಲ್ಲಾಡಿಸಿದಳು.

"ಇದು ಅಂಟಿದ್ದಲ್ಲ ಸಾರ್. ಎರಡು ಕಡೆಗೂ ನಿಜವಾಗಿ ಒತ್ತಿದ್ದಾರೆ."

"ಪಾಪ," ಎಂದಳು ಮುತ್ತಮ್ಮ. "ಅಲ್ಲಿ ಗುಡೀಲಿ ಹೂ ಹಿಡ್ಕೊಂಡು ಆಣೆ ಇಟ್ಟವಳೆ, ಇಲ್ಲಿ ಕೈ ಮುಟ್ಟಿ ಮಾತು ಕೊಟ್ಟವಳೆ. ಯಾವ್ದುನ್ನೂ ಮುರೀಬಾರ್ದು ಅಂತ ಎರಡಕ್ಕೂ ಒತ್ತಿ ಪುಣ್ಯ ಕಟ್ಕೊಂಡವಳೆ."

 ಚಲಪತಿ ಕುರ್ಚಿಯಿಂದ ಮೇಲೆದ್ದ.

"ಸಾರ್, ಮೇಲಿಂದು ನೋಡಿ, ಕಪ್ಪಗೈತೆ! ಮೊದಲು ಒತ್ತಿರೋದು ನಮಗೆ. ಆಮೇಲೆ ಏನೋ ಕೈತಪ್ಪಿ ಇನ್ನೊಂದು ಬಿದ್ದೈತೆ. ಇದು ನಮ್ದು. ಆಗ ಸರಿಸಮ ಆಗತ್ತೆ, ಚೀಟಿ ಎತ್ತಿಸಿ."

"ಎರಡು ಕಡೆ ಒತ್ತಿದ್ರೆ ಕೆಟ್ಟ ಓಟು ಅಂತ ಬೆಳಗಿಂದ ಯಾರೋ ಹೇಳ್ತಿದ್ರಲ್ಲ?" ಎಂದಳು ಶಾಝಿಯಾ.

"ನೀನು ಸುಮ್ನಿರಮ್ಮ!"

"ಅವಳು ಯಾಕೆ ಸುಮ್ಮನಿರಬೇಕು ಚಲಪತಿ?" ಎಂದಳು ಹಮೀದಾ. "ಅವಳೂ ನಿನ್ನ ಹಾಗೇ ಏಜೆಂಟು. ನಿನಗಿರೋ ಗುರುತಿನ ಚೀಟಿ ಅವಳ ಕೊರಳಲ್ಲೂ ಇದೆ."

ವೆಂಕಟರಮಣಪ್ಪ ಆ ಕಾಗದವನ್ನು ತಿರಸ್ಕೃತ ಮತಗಳ ಟ್ರೇಗೆ ಹಾಕಿದರು. ಹಾಕಿದ ಕೈ ಹಿಂದಕ್ಕೆ ಬರುವ ಮೊದಲೇ ಅವರ ಫೋನು ಗುನುಗಿತು. ಪರದೆಯ ಮೇಲಿನ ಹೆಸರು ನೋಡಿ ಎದ್ದು ನಿಂತು, ಬಾಗಿಲಾಚೆ ಹೋದರು. "ಸರಿ ಸಾರ್... ಇಲ್ಲ ಸಾರ್... ನೋಡ್ತೀನಿ ಸಾರ್" ಎಂಬಷ್ಟು ಒಳಗೆ ಕೇಳಿಸಿತು. ಚಲಪತಿ ತನ್ನ ಫೋನನ್ನು ಅಂಗಿಯ ಜೇಬಿಗೆ ಸೇರಿಸಿ ನಿಧಾನವಾಗಿ ಕುಳಿತುಕೊಂಡ. ಒಳಗೆ ಫೋನು ತರಬಾರದು ಎಂಬ ನಿಯಮ ಬಾಗಿಲ ಮೇಲೆಯೇ ಅಂಟಿಸಿತ್ತು.

ಮರಳಿ ಬಂದ ವೆಂಕಟರಮಣಪ್ಪನವರ ಮುಖದಲ್ಲಿ ಆಗಿನ ನಗು ಇರಲಿಲ್ಲ. "ಗೊಂದಲ ಇರೋದ್ರಿಂದ," ಎಂದು ಶುರು ಮಾಡಿದರು, "ಫಲಿತಾಂಶ ಈಗ ಘೋಷಣೆ ಮಾಡೋದು ಬೇಡ ಅಂತ... ಡಬ್ಬಿ ಸೀಲ್ ಮಾಡಿಡೋಣ. ಎರಡು ಮೂರು ದಿನ. ಮೇಲಿನವರು ಒಂದು ಸಲ ನೋಡಿ..."

"ಯಾರಿಗೆ ಗೊಂದಲ ಸಾರ್?" ಎಂದಳು ಹಮೀದಾ.

ಅವರು ಡಬ್ಬಿಯ ಮುಚ್ಚಳದ ಕಡೆ ಕೈ ಚಾಚಿದರು.

"ನಿಮಗಿದೆಯಾ? ನಿಮ್ಮ ಬೆರಳಲ್ಲೇ ಸುತ್ತಿ ನೋಡಿದ್ರಿ. ನಿಮ್ಮ ಬಾಯಲ್ಲೇ ಹೆಸರು ಹೇಳಿದ್ರಿ. ಐದು ಸಲ ಆ ಹುಡುಗಿ ಹೆಸರು ಹೇಳಿದಾಗ ನಾನು ಗೊಂದಲ ಅಂದ್ನಾ?"

"ಅಮ್ಮಾ, ನನ್ನ ಪರಿಸ್ಥಿತೀನೂ ಸ್ವಲ್ಪ..."

"ಗೊತ್ತು ಸಾರ್. ನಾನೂ ಮೇಲಿನವರ ಕೆಳಗೇ ಕೆಲಸ ಮಾಡೋಳು. ಫಲಿತಾಂಶದ ಮಾತು ಆಮೇಲೆ. ಮೊದಲು ಒಂದು ಮಾಡಿ. ಆ ಹದಿನೆಂಟೂ ಕಾಗದದ ಹಿಂದೆ, ಯಾರಿಗೆ ಕೊಟ್ಟಿರಿ, ಯಾಕೆ ಕೊಟ್ಟಿರಿ, ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ. ಆಮೇಲೆ ಡಬ್ಬಿ, ಸೀಲು, ಎರಡು ದಿನ, ಏನು ಬೇಕಾದ್ರೂ ಮಾತಾಡೋಣ."

"ಬರೆದ ಮೇಲೆ ನಾನೂ ಅದನ್ನ ಬದಲಾಯಿಸೋಕಾಗಲ್ಲಮ್ಮ."

"ಅದಕ್ಕೇ ಸಾರ್ ಬರೀರಿ ಅಂತಿರೋದು."

ಚಲಪತಿ ನಡುವೆ ಬಾಯಿ ಹಾಕಿದ. "ಇದು ದಬ್ಬಾಳಿಕೆ ಸಾರ್! ಪೊಲೀಸ್ನೋರ್ನ ಕರೀರಿ. ಇವರಮ್ಮ ಮಗಳು ಸೇರ್ಕೊಂಡು ಅಧಿಕಾರಿಗೇ ಆರ್ಡರ್ ಮಾಡ್ತಾವ್ರೆ."

"ಕರೀಲಿ," ಎಂದಳು ಹಮೀದಾ. ಅವಳು ಮೇಜಿನ ಅಂಚನ್ನು ಬಿಟ್ಟು ಕೈಕಟ್ಟಿ ನಿಂತಳು. "ಎತ್ತಿಕೊಂಡು ಹೋಗೋದಾದ್ರೆ ಎತ್ತಿಕೊಂಡು ಹೋಗಲಿ. ನಡ್ಕೊಂಡು ನಾನು ಹೋಗಲ್ಲ."

ಮುತ್ತಮ್ಮ ಬೆಂಚಿನಿಂದ ಎದ್ದು ಬಂದು ಹಮೀದಾಳ ಪಕ್ಕ ನಿಂತಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ನಾನೂ ಅಭ್ಯರ್ಥಿನೇ ಅಲ್ವಾ ಸಾಮಿ? ಏಳು ಓಟಿನವಳು. ನಂದೂ ಅದೇ ಮಾತು ಅಂತ ಬರ್ಕೊಳ್ಳಿ," ಎಂದಳು.

"ಏಯ್ ಮುತ್ತಮ್ಮ, ನಿನ್ನ ನಿಲ್ಸಿದ್ದು ಯಾರು ಅಂತ ಮರೆತ್ಬಿಟ್ಯಾ?"

"ನೀನೇ ಕಣಪ್ಪಾ ನಿಲ್ಸಿದ್ದು. ಅದಕ್ಕೇ ನಿಂತಿವ್ನಿ."

ಕೋಣೆಯ ಆ ತುದಿಯಲ್ಲಿ ಎಣಿಕೆ ಸಿಬ್ಬಂದಿಯಲ್ಲಿ ಯಾರೋ ಕೆಮ್ಮಿ ನಗುವನ್ನು ಮುಚ್ಚಿಕೊಂಡರು.  ವೆಂಕಟರಮಣಪ್ಪನವರ ಫೋನು ಮತ್ತೆ ಗುನುಗಿತು. ಅವರು ಅದನ್ನು ನೋಡಿದರು. ಬೋರಲು ಹಾಕಿದರು. ಪುಸ್ತಕ ಎತ್ತಿ ಮೊದಲ ಕಾಗದವನ್ನು ತೆಗೆದು, ಹಿಂಬದಿಯಲ್ಲಿ ಬರೆಯತೊಡಗಿದರು. ‘ಮಡಿಚಿದ್ದರಿಂದ ಮೂಡಿದ ಪ್ರತಿಬಿಂಬ. ಮೂಲ ಮುದ್ರೆ ಕ್ರಮಸಂಖ್ಯೆ ಮೂರು. ಊರ್ಜಿತ.’ ಅದರ ಕೆಳಗೆ ಸಹಿ, ತಾರೀಖು. ಶಾಝಿಯಾ ಒಂದೊಂದನ್ನೂ ಓದಿ ಪಕ್ಕಕ್ಕೆ ಸರಿಸಿದಳು. ಕೀರ್ತನಳ ಐದಕ್ಕೂ ಅದೇ ಮಾತುಗಳು, ಕ್ರಮಸಂಖ್ಯೆ ಮಾತ್ರ ಬೇರೆ. ಹದಿನೆಂಟನೆಯದರ ಹಿಂದೆ, ‘ಎರಡೂ ಮೂಲ ಮುದ್ರೆ. ತಿರಸ್ಕೃತ.’

ಅವರು ಬರೆದು ಮುಗಿಸುವಷ್ಟರಲ್ಲಿ ಚಲಪತಿ ಒಂದು ಅರ್ಜಿಯನ್ನು ಸಿದ್ಧ ಮಾಡಿದ್ದ. ಮರುಎಣಿಕೆ ಬೇಕು, ಎಲ್ಲ ಮತಗಳೂ ಮೊದಲಿನಿಂದ. ಆದರೆ ಅದಕ್ಕೆ ಅಭ್ಯರ್ಥಿಯ ಸಹಿಯೂ ಇರಲಿ ಎಂದರು ವೆಂಕಟರಮಣಪ್ಪ. ಬೆಳಗಿನಿಂದ ಯಾರೂ ಮಾತಾಡಿಸದೆ ಕುಳಿತಿದ್ದ ಕೀರ್ತನಳ ಕಡೆ ಎಲ್ಲರೂ ಒಟ್ಟಿಗೆ ತಿರುಗಿದರು. ಮೂವತ್ತು ದಾಟದ ಹೆಣ್ಣುಮಗಳು. ಅವಳು ಎದ್ದು ಮೇಜಿನ ಹತ್ತಿರ ಬಂದಳು. ಚಲಪತಿ ಪೆನ್ನು ಕೊಟ್ಟ. ಅರ್ಜಿಯ ಮೇಲೆ ಬಾಗಿದಾಗ ಅವಳ ಬಾಯಿ ಹಮೀದಾಳ ಕಿವಿಯ ಹತ್ತಿರ ಬಂತು.

"ನಾನೂ ನೋಡ್ತಾನೇ ಇದ್ದೆ ಅಕ್ಕಾ. ಎಷ್ಟ್ ಸಲ ಎಣಿಸಿದ್ರೂ ಅಷ್ಟೇ ಬರೋದು."

"ಏನಂದೆ?" ಎಂದ ಚಲಪತಿ.

"ಸಹಿ ಎಲ್ಲಿ ಹಾಕ್ಬೇಕು ಅಂದೆ."

ಹಾಕಿದಳು. ಹಾಕಿ, ತನ್ನ ಜಾಗಕ್ಕೆ ಮರಳದೆ ಅಲ್ಲೇ, ಮತಪತ್ರಗಳು ಕಾಣುವಷ್ಟು ಹತ್ತಿರದಲ್ಲಿ ನಿಂತಳು.

ಪೊಲೀಸ್ ಪೇದೆಯೊಬ್ಬ ಬಂದು ಬಾಗಿಲಲ್ಲಿ ಇಣುಕಿದ. ತಡವಾಗುತ್ತದೆ, ಮನೆಗೆ ಹೋಗಿ ಎಂದು ಗೇಟಿನ ಹತ್ತಿರದ ಹೆಂಗಸರಿಗೆ ಹೇಳಿದರೆ ಕೇಳುತ್ತಿಲ್ಲ ಎಂದ. "ಹಮೀದಕ್ಕ ಬರೋವರ್ಗೂ ಏಳಲ್ಲ ಅಂತಾರೆ ಸಾರ್. ಒಬ್ಬಳೂ ಏಳ್ತಿಲ್ಲ."

ಒಬ್ಬಳೂ. ಅತ್ತ ಒತ್ತಿದ ಐದು ಜನ, ಎರಡೂ ಕಡೆ ಒತ್ತಿದ ಒಬ್ಬಳು, ಎಲ್ಲರೂ. ಹಮೀದಾ ಆ ಮಾತನ್ನು ಕೇಳಿಸಿಕೊಂಡಳು. ಯಾರು ಎಂಬ ಪ್ರಶ್ನೆ ಪೂರ್ತಿ ಹೋಗಲಿಲ್ಲ. ಅದು ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇರಲಿ. ನೀರು ಬಂದರೆ ಆ ಐದು ಮನೆಗೂ ಬರುತ್ತದೆ.

"ಮತ್ತೆ ಎಣಿಸಬೇಕಂತೆ," ಎಂದರು ವೆಂಕಟರಮಣಪ್ಪ. "ಎಲ್ಲ ಕಟ್ಟೂ ಬಿಚ್ಚಬೇಕು. ಕತ್ತಲಾಗಬಹುದು. ನೀವು ಕೂತ್ಕೊಳ್ಳೀಮ್ಮ."

"ಎಣಿಸಿ ಸಾರ್. ಎಷ್ಟು ಸಲ ಬೇಕಾದ್ರೂ ಎಣಿಸಿ. ಒಂದೊಂದನ್ನೂ ಇಲ್ಲಿ, ನಮ್ಮ ಕಣ್ಣೆದುರಿಗೇ ಇಡಿ. ಆದರೆ ಫಲಿತಾಂಶ ಇವತ್ತೇ, ಈ ಕೋಣೇಲೇ ಹೇಳಬೇಕು. ಅಲ್ಲೀವರೆಗೂ ಈ ಮೂರು ಜನ ಹೆಂಗಸರು ಇಲ್ಲಿಂದ ಕದಲಲ್ಲ."

ಮೂರು ಎಂದದ್ದು ಮೂವರು ಅಭ್ಯರ್ಥಿಗಳನ್ನು, ತನ್ನನ್ನೂ ಸೇರಿಸಿ ಎಂದು ಕೀರ್ತನಳಿಗೆ ಅರ್ಥವಾಯಿತು. ಅವಳು ಗಂಡನ ಕಡೆ ನೋಡಲಿಲ್ಲ.

ವೆಂಕಟರಮಣಪ್ಪ ಮೊದಲ ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆದರು. ಗುಮಾಸ್ತರು ಕರಿಹಲಗೆಯ ಅಂಕೆಗಳನ್ನು ಅಳಿಸಿ, ಮೂರು ಹೆಸರುಗಳ ಮುಂದೆ ಜಾಗ ಖಾಲಿ ಮಾಡಿ ಸೀಮೆಸುಣ್ಣ ಹಿಡಿದು ನಿಂತರು.

"ಒಂದು," ಎಂದರು ವೆಂಕಟರಮಣಪ್ಪ, ಗೇಟಿನವರೆಗೂ ಕೇಳುವಂತೆ.